ಕೋರ್ಸಿನ ಕೊನೆಯ ಸ್ವಾವಲೋಕನ ಬರಹ: ಬರೆಯುವುದು ಹೇಗೆ?

ಸೆಮಿಸ್ಟರ್ ಮುಗಿಯಲು ಎರಡು ವಾರ ಇದೆ ಎನ್ನುವಾಗ ಮೈಸೂರು, ಮಂಡ್ಯ ಕಡೆಯ ಪದವಿ ವಿದ್ಯಾರ್ಥಿಗಳಿಂದ ಪ್ರತಿ ಸಲವೂ ಒಂದೇ ಪ್ರಶ್ನೆ ಬರುತ್ತದೆ: “ಮೇಡಂ, ‘ಈ ಕೋರ್ಸಿನಲ್ಲಿ ಬರಹಗಾರರಾಗಿ ನೀವು ಬೆಳೆದ ಬಗೆ’ ಎಂದು ಸಾವಿರ ಪದ ಬರೆಯಬೇಕಂತೆ. ಏನು ಬರೆಯಲಿ?” ಕೇಳುವವರಲ್ಲಿ ಚೆನ್ನಾಗಿ ಬರೆಯುವವರೂ ಇದ್ದಾರೆ. ಕಥೆ ಬರೆಯಿರಿ ಎಂದರೆ ಬರೆಯುತ್ತಾರೆ, ಪುಸ್ತಕ ವಿಮರ್ಶೆ ಎಂದರೂ ಬರೆಯುತ್ತಾರೆ. ತಮ್ಮ ಬರವಣಿಗೆಯ ಬಗ್ಗೆಯೇ ಬರೆಯಬೇಕು ಎಂದಾಗ ಮಾತ್ರ ಕೈ ಕಟ್ಟಿದಂತಾಗುತ್ತದೆ. ಒಬ್ಬೊಬ್ಬರಿಗೂ ಬಿಡಿಯಾಗಿ ಹೇಳುತ್ತಾ ಬಂದದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ವಿಚಾರ. ಈ ಬಗೆಯ ಬರಹವನ್ನು ಸ್ವಾವಲೋಕನ ಬರಹ ಎನ್ನುತ್ತಾರೆ. ತನ್ನನ್ನು ತಾನೇ ನೋಡಿಕೊಳ್ಳುವುದು ಎಂದರ್ಥ. ಕೆಲವು ಕಾಲೇಜುಗಳಲ್ಲಿ ರಿಫ್ಲೆಕ್ಟಿವ್ ಪ್ರಬಂಧ ಎಂದೂ ಕರೆಯುತ್ತಾರೆ. ಅರ್ಥ ಮನದಟ್ಟಾಗಲು ನಮ್ಮಲ್ಲಿ ಮೊದಲೇ ಇರುವ ‘ಸಿಂಹಾವಲೋಕನ’ ಎಂಬ ಮಾತು ಸಾಕು. ಸಿಂಹ ನಡೆಯುತ್ತಾ ನಡುವೆ ನಿಂತು, ತಾನು ಬಂದ ದಾರಿಯತ್ತ ಕತ್ತು ತಿರುಗಿಸಿ ನೋಡುತ್ತದಂತೆ. ಅದು ನೋಡುವುದು ದಾರಿಯನ್ನು. ನೀವು ನೋಡಬೇಕಾದದ್ದೂ ದಾರಿಯನ್ನೇ, ಅಂದರೆ ಈ ನಾಲ್ಕು ತಿಂಗಳಲ್ಲಿ ನೀವು ಬರೆದ ಹಾಳೆಗಳನ್ನು. ಹಾಳೆಗಳನ್ನು ಮುಟ್ಟದೆ ಬರೆದ ಸ್ವಾವಲೋಕನ ಬರೀ ಕೃತಜ್ಞತಾ ಪತ್ರವಾಗುತ್ತದೆ.

ಒಂದು ವಾರ ಕೈಯಲ್ಲಿಟ್ಟುಕೊಳ್ಳಿ. ಕೊನೆಯ ರಾತ್ರಿ ಕುಳಿತು ಬರೆಯಬಹುದಾದ ಬರಹ ಇದಲ್ಲ, ಏಕೆಂದರೆ ಅರ್ಧ ಕೆಲಸ ಇರುವುದು ಓದುವುದರಲ್ಲಿ.

ಹಂತ 1: ಹಾಳೆಗಳನ್ನು ಕಲೆಹಾಕಿ

ಕೋರ್ಸಿನ ಮೊದಲ ದಿನದಿಂದ ಬರೆದದ್ದೆಲ್ಲವೂ ಬೇಕು: ಅಸೈನ್‌ಮೆಂಟುಗಳು, ಆಂತರಿಕ ಪರೀಕ್ಷೆಯ ಬ್ಲೂ ಬುಕ್, ತರಗತಿಯಲ್ಲಿ ಹತ್ತು ನಿಮಿಷದಲ್ಲಿ ಗೀಚಿದ ಪ್ಯಾರಾ, ಅರ್ಧಕ್ಕೆ ಬಿಟ್ಟ ಕಥೆ. ಎಲ್ಲಕ್ಕಿಂತ ಮುಖ್ಯವಾದವು ಕರಡುಗಳು. ಅಂತಿಮ ಪ್ರತಿಗೆ ಮೊದಲು ಬರೆದ, ಹೊಡೆದು ತಿದ್ದಿದ, ಇನ್ನೂ ಹದಕ್ಕೆ ಬಾರದ ರೂಪವೇ ಕರಡು. ಅಂತಿಮ ಪ್ರತಿ ನೀವು ಎಲ್ಲಿಗೆ ತಲುಪಿದಿರಿ ಎಂಬುದನ್ನಷ್ಟೇ ಹೇಳುತ್ತದೆ. ಹೇಗೆ ತಲುಪಿದಿರಿ ಎಂಬುದಕ್ಕೆ ಕರಡೇ ಸಾಕ್ಷಿ.

“ಕರಡು ಎಸೆದುಬಿಟ್ಟೆ” ಎನ್ನುವವರೇ ಹೆಚ್ಚು. ನಿರಾಶರಾಗಬೇಡಿ, ಹುಡುಕಿದರೆ ಎಲ್ಲಾದರೂ ಸಿಗುತ್ತದೆ. ಗೂಗಲ್ ಡಾಕ್ಸ್‌ನಲ್ಲಿ ಬರೆದಿದ್ದರೆ ಕಂಪ್ಯೂಟರಿನಲ್ಲಿ ಆ ಕಡತ ತೆರೆದು, ಫೈಲ್ ಪಟ್ಟಿಯಲ್ಲಿ ‘ವರ್ಶನ್ ಹಿಸ್ಟರಿ’ ಒತ್ತಿ. ಯಾವ ದಿನ ಏನು ಬದಲಿಸಿದಿರಿ ಎಂಬುದು ದಿನಾಂಕದ ಸಮೇತ ಅಲ್ಲಿರುತ್ತದೆ. ಗೆಳತಿಗೆ “ಓದಿ ಹೇಳು” ಎಂದು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಹಳೆಯ ಪ್ರತಿ ಇರಬಹುದು. ನೋಟ್‌ಬುಕ್ಕಿನ ಪುಟದ ಫೋಟೊ ಮೊಬೈಲಿನ ಗ್ಯಾಲರಿಯಲ್ಲಿ ಕುಳಿತಿರಬಹುದು. ಬ್ಲೂ ಬುಕ್ ಅನ್ನು ಅಂಕ ನೋಡಲು ಕೊಟ್ಟು ಮತ್ತೆ ವಾಪಸು ಪಡೆಯುವ ರೂಢಿ ನಿಮ್ಮ ಕಾಲೇಜಿನಲ್ಲಿದ್ದರೆ, ಕೈಗೆ ಬಂದಾಗಲೇ ಅಧ್ಯಾಪಕರ ಅನುಮತಿ ಕೇಳಿ ಫೋಟೊ ತೆಗೆದುಕೊಳ್ಳಿ.

ಇದರ ಜೊತೆಗೆ ನಿಮ್ಮ ಬರಹಕ್ಕೆ ಬಂದ ಪ್ರತಿಕ್ರಿಯೆಗಳು ಬೇಕು. ಅಧ್ಯಾಪಕರು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದ ಎರಡು ಮಾತು, ಸಹಪಾಠಿ ಬಸ್ಸಿನಲ್ಲಿ “ಈ ಜಾಗ ಅರ್ಥವಾಗಲಿಲ್ಲ” ಎಂದದ್ದು, ಎಲ್ಲವೂ ಲೆಕ್ಕಕ್ಕಿದೆ. ಬಾಯಿಮಾತಿನಲ್ಲಿ ಬಂದದ್ದನ್ನು ನೆನಪಿರುವಷ್ಟು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಎಲ್ಲಕ್ಕೂ ದಿನಾಂಕ ಹಾಕಿ, ಹಳೆಯದು ಕೆಳಗೆ, ಹೊಸದು ಮೇಲೆ ಬರುವಂತೆ ಜೋಡಿಸಿ. ಕೆಲವು ಕೋರ್ಸುಗಳಲ್ಲಿ ಪೋರ್ಟ್‌ಫೋಲಿಯೊ ಕೊಡಿ ಎನ್ನುತ್ತಾರಲ್ಲ, ಅದು ಇದೇ. ಆಯ್ದ ಬರಹಗಳನ್ನು ಕರಡುಗಳ ಸಮೇತ ಒಂದು ಕಡತದಲ್ಲಿ ಇಟ್ಟು, ಮೇಲೆ ಸ್ವಾವಲೋಕನ ಬರಹವನ್ನು ಸೇರಿಸಿ ಕೊಡುವುದು.

ಹಂತ 2: ಕೇಳಿರುವುದೇನು ಎಂದು ಎರಡು ಸಲ ಓದಿ

ಕೊಟ್ಟಿರುವ ಸೂಚನೆಯ ಕ್ರಿಯಾಪದಗಳ ಕೆಳಗೆ ಗೆರೆ ಎಳೆಯಿರಿ. ‘ವಿವರಿಸಿ’ ಎಂದಿದ್ದರೆ ಒಂದು ಬಗೆ, ‘ಪರಿಶೀಲಿಸಿ’ ಎಂದಿದ್ದರೆ ಇನ್ನೊಂದು ಬಗೆ. ರೂಬ್ರಿಕ್ ಕೊಟ್ಟಿದ್ದರೆ ಅದನ್ನು ಮೇಜಿನ ಮೇಲೆ ಕಣ್ಣಿಗೆ ಬೀಳುವಂತೆ ಇಟ್ಟುಕೊಳ್ಳಿ. ಯಾವ ಅಂಶಕ್ಕೆ ಎಷ್ಟು ಅಂಕ ಎಂದು ಮೊದಲೇ ತಿಳಿಸುವ ಮಾನದಂಡ ಪಟ್ಟಿ ಅದು. ಪಠ್ಯಕ್ರಮದ ಮೊದಲ ಪುಟದಲ್ಲಿ ‘ಕಲಿಕಾ ಫಲಗಳು’ ಎಂಬ ತಲೆಬರಹ, ಅಂದರೆ ಕೋರ್ಸು ಮುಗಿಯುವಾಗ ನಿಮಗೆ ಏನೇನು ಬಂದಿರಬೇಕು ಎಂಬ ಪಟ್ಟಿ, ಇರುತ್ತದೆ, ಯಾರೂ ಓದುವುದಿಲ್ಲ. ಈ ಒಂದು ಸಲ ಓದಿ. ಅದರಲ್ಲಿ ನಿಮಗೆ ನಿಜವಾಗಿ ಸಂಬಂಧಿಸಿದ ಒಂದೋ ಎರಡೋ ಅಂಶ ಮಾತ್ರ ಆರಿಸಿಕೊಳ್ಳಿ. ಪಟ್ಟಿಯಲ್ಲಿರುವ ಎಲ್ಲವನ್ನೂ “ನನಗೆ ದಕ್ಕಿದೆ” ಎಂದು ಬರೆದರೆ ಯಾರೂ ನಂಬುವುದಿಲ್ಲ.

ಹಂತ 3: ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಓದಿ

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಬೇಡುವುದು ಈ ಹಂತ. ದಯವಿಟ್ಟು ಇದನ್ನು ಹಾರಿಸಬೇಡಿ.

ಮೊದಲ ಅಸೈನ್‌ಮೆಂಟನ್ನೂ ಕೊನೆಯದನ್ನೂ ತೆಗೆದುಕೊಳ್ಳಿ. ಎರಡೂ ನಿಮ್ಮ ಬರಹವೇ ಎಂಬುದನ್ನು ಮರೆತು, ಯಾರೋ ಇಬ್ಬರು ಬರೆದದ್ದು ಎಂಬಂತೆ ಓದಿ. ಕೈಯಲ್ಲಿ ಎರಡು ಬಣ್ಣದ ಪೆನ್ಸಿಲ್ ಇರಲಿ. ಯಾವ ಊರಿಗೂ, ಯಾವ ವಿಷಯಕ್ಕೂ ಅಂಟಿಸಬಹುದಾದ ಸಿದ್ಧ ವಾಕ್ಯಗಳಿಗೆ ಒಂದು ಬಣ್ಣ. ನೀವಲ್ಲದೆ ಬೇರೆ ಯಾರೂ ಬರೆಯಲಾಗದ ವಾಕ್ಯಗಳಿಗೆ ಇನ್ನೊಂದು ಬಣ್ಣ. ಬಣ್ಣ ಹಾಕಿ ಮುಗಿಸಿದಾಗ ಎರಡು ಹಾಳೆಗಳ ನಡುವಿನ ವ್ಯತ್ಯಾಸ ಓದದೆಯೇ ಕಾಣುತ್ತದೆ. ಕಾಣದಿದ್ದರೆ ಅದೂ ಒಂದು ಸಂಗತಿ, ಅದನ್ನೂ ಬರೆಯಬಹುದು.

ಬಳಿಕ ಎಣಿಸಿ. ಹೌದು, ಬೆರಳು ಮಡಚಿ ಎಣಿಸಿ. ‘ಅತ್ಯಂತ’ ಎಷ್ಟು ಸಲ ಬಂದಿದೆ? ‘ಮಹತ್ವದ ಪಾತ್ರ ವಹಿಸುತ್ತದೆ’ ಎಷ್ಟು ಸಲ? ‘ಪ್ರತೀಕವಾಗಿದೆ’, ‘ಅನಾದಿ ಕಾಲದಿಂದಲೂ’, ‘ಇಂದಿನ ಆಧುನಿಕ ಯುಗದಲ್ಲಿ’? ‘ಮಾಡಲ್ಪಟ್ಟಿತು’, ‘ಹೇಳಲ್ಪಡುತ್ತದೆ’ ಎಂಬಂಥ ಕರ್ಮಣಿ ಪ್ರಯೋಗ ಎಷ್ಟಿದೆ? ಕರ್ಮಣಿ ಎಂದರೆ ಮಾಡಿದವರನ್ನು ಹಿಂದಕ್ಕೆ ಸರಿಸಿ, ಆದದ್ದನ್ನು ಮಾತ್ರ ಮುಂದಿಡುವ ವಾಕ್ಯರಚನೆ. ವಾಕ್ಯಗಳ ಉದ್ದವನ್ನೂ ನೋಡಿ. ಮೊದಲ ಬರಹದಲ್ಲಿ ನಲವತ್ತು ಪದಗಳ ವಾಕ್ಯವಿದ್ದು, ಕೊನೆಯದರಲ್ಲಿ ಹನ್ನೆರಡಕ್ಕೆ ಇಳಿದಿದ್ದರೆ, ನಿಮ್ಮ ಬೆಳವಣಿಗೆಯ ಮೊದಲ ಗಟ್ಟಿ ಪುರಾವೆ ಸಿಕ್ಕಂತೆ. ಸಾವಿರ ವಿಶೇಷಣಗಳಿಗಿಂತ ಈ ಒಂದು ಲೆಕ್ಕ ಹೆಚ್ಚು ಮಾತಾಡುತ್ತದೆ.

ಈ ಹಂತದ ದೊಡ್ಡ ಅಪಾಯ ನಾಚಿಕೆ. ಹಳೆಯ ಬರಹ ಓದುವಾಗ “ಇಷ್ಟು ಕೆಟ್ಟದಾಗಿ ಬರೆದಿದ್ದೆನೇ” ಎನಿಸಿ, ಬೇಗ ಮಡಚಿಡುವ ಮನಸ್ಸಾಗುತ್ತದೆ. ಹಾಗನಿಸಿದ ಜಾಗದಲ್ಲೇ ಬೆರಳಿಟ್ಟು ನಿಲ್ಲಿ. ಅಂದು ಆ ತಪ್ಪು ನಿಮಗೆ ಕಾಣುತ್ತಿರಲಿಲ್ಲ, ಇಂದು ಕಾಣುತ್ತಿದೆ. ನೀವು ಬರೆಯಬೇಕಾದದ್ದು ಈ ನಡುವೆ ಏನಾಯಿತು ಎಂಬುದನ್ನೇ.

ಹಂತ 4: ಒಂದು ತಿರುವನ್ನು ಆರಿಸಿ, ಹೆಚ್ಚೆಂದರೆ ಎರಡು

ಹಂತ 3 ಮುಗಿದಾಗ ಹತ್ತು ಹನ್ನೆರಡು ಬದಲಾವಣೆಗಳ ಪಟ್ಟಿ ಕೈಯಲ್ಲಿರುತ್ತದೆ: ಕಾಗುಣಿತ ಸುಧಾರಿಸಿತು, ಪ್ಯಾರಾ ಬಿಡುವುದು ಕಲಿತೆ, ಶೀರ್ಷಿಕೆ ಕೊಡುವುದು ಬಂತು, ಓದುವ ಅಭ್ಯಾಸ ಹೆಚ್ಚಿತು. ಎಲ್ಲವನ್ನೂ ತುರುಕಿದರೆ ಒಂದೊಂದಕ್ಕೂ ಎರಡು ಸಾಲು ಸಿಗುತ್ತದೆ, ಯಾವುದೂ ಓದುಗರ ಮನಸ್ಸಿಗೆ ಇಳಿಯುವುದಿಲ್ಲ. ಯಾವ ಬದಲಾವಣೆಗೆ ನಿಮ್ಮಲ್ಲಿ ಎರಡು ಕರಡುಗಳ ಸಾಕ್ಷಿ ಇದೆಯೋ, ಯಾವುದರ ಹಿಂದೆ ಒಬ್ಬರ ಮಾತೋ ಒಂದು ಓದೋ ಒಂದು ಸೋಲೋ ಇದೆಯೋ ಅದನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡಿ.

ಮೈಸೂರಿನಲ್ಲಿ ಓದುವ ವಿದ್ಯಾರ್ಥಿಗಳ ಬರಹಗಳಲ್ಲಿ ಕುವೆಂಪು ಅವರ ಪ್ರಸಂಗ ಮತ್ತೆ ಮತ್ತೆ ಬರುತ್ತದೆ. ಆವರೆಗೆ ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ಅವರು 1924ರಲ್ಲಿ ಮೈಸೂರಿನಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರನ್ನು ಕಂಡಾಗ, ನಿಮ್ಮ ಭಾಷೆಯಲ್ಲೇ ಬರೆಯಿರಿ ಎಂಬ ಸಲಹೆ ಸಿಕ್ಕಿತು. ಇದನ್ನು ಅಲಂಕಾರಕ್ಕೆಂದು ಮೊದಲ ಪ್ಯಾರಾದಲ್ಲಿ ಇಡಬೇಡಿ, ಓದಿ ಓದಿ ಅಧ್ಯಾಪಕರಿಗೆ ಸಾಕಾಗಿದೆ. ಆದರೆ ಅದರ ರಚನೆಯನ್ನು ಗಮನಿಸಿ. ಆ ಸಲಹೆ ತಿರುವು ಎನಿಸಿಕೊಂಡದ್ದು ಅದರ ನಂತರದ ಹಾಳೆಗಳ ಭಾಷೆ ಬದಲಾದದ್ದರಿಂದ. ನಿಮ್ಮ ತಿರುವಿಗೂ ಅದೇ ಪರೀಕ್ಷೆ: “ಆ ದಿನ ಮೇಡಂ ಹೇಳಿದ ಮಾತು ನನ್ನ ಬದುಕನ್ನೇ ಬದಲಿಸಿತು” ಎಂದು ಬರೆದಿರಾ? ಹಾಗಾದರೆ ಮರುದಿನದ ಹಾಳೆ ತೋರಿಸಿ.

ಹಂತ 5: ಮೂರು ಪ್ರಶ್ನೆಗಳ ಚೌಕಟ್ಟು

ಬರಹಕ್ಕೊಂದು ಚೌಕಟ್ಟು ಬೇಕು ಎನ್ನುವವರಿಗೆ ಅಮೆರಿಕದ ಶಿಕ್ಷಣತಜ್ಞ ಟೆರ್ರಿ ಬೋರ್ಟನ್ 1970ರಲ್ಲಿ ಮುಂದಿಟ್ಟ ಮೂರು ಪ್ರಶ್ನೆಗಳು ಸಾಕು. ಕನ್ನಡದಲ್ಲಿ ಅವು ಇನ್ನೂ ಚೊಕ್ಕವಾಗಿ ಕೂರುತ್ತವೆ: ಏನಾಯಿತು? ಅದರಿಂದೇನು? ಮುಂದೇನು?

ಇದಕ್ಕಿಂತ ಬಿಡಿಸಿ ಹೇಳುವ ಇನ್ನೊಂದು ಮಾದರಿ ಶಿಕ್ಷಣತಜ್ಞ ಗ್ರಹಾಂ ಗಿಬ್ಸ್ ಅವರ 1988ರ ಆವರ್ತ, ಅಂದರೆ ಸುತ್ತಿ ಬರುವ ಚಕ್ರ. ಅದರಲ್ಲಿ ಆರು ಮೆಟ್ಟಿಲು: ನಡೆದದ್ದರ ವಿವರ, ಆಗ ಅನಿಸಿದ್ದು, ಒಳಿತು ಕೆಡುಕು, ಕಾರಣಗಳ ವಿಶ್ಲೇಷಣೆ, ತೀರ್ಮಾನ, ಮುಂದಿನ ಯೋಜನೆ. ನರ್ಸಿಂಗ್, ಬಿ.ಎಡ್. ಓದುವವರಿಗೆ ಇದು ಪರಿಚಿತ. ಅಧ್ಯಾಪಕರು ಇದನ್ನೇ ಬಳಸಿ ಎಂದಿದ್ದರೆ ಬಳಸಿ. ಆದರೆ ಆರಕ್ಕೆ ಆರು ತಲೆಬರಹ ಕೊಟ್ಟು ಒಂದೊಂದರ ಕೆಳಗೆ ನಾಲ್ಕು ಸಾಲು ತುಂಬಿಸಬೇಡಿ. ಅದು ಅರ್ಜಿ ನಮೂನೆಯಂತೆ ಕಾಣುತ್ತದೆ.

ಬೋರ್ಟನ್ ಅವರ ಮೂರು ಪ್ರಶ್ನೆಗಳಲ್ಲಿ ನಮ್ಮವರು ಎಡವುವುದು ನಡುವಿನ ಪ್ರಶ್ನೆಯಲ್ಲಿ. ‘ಏನಾಯಿತು’ ಎಂಬುದಕ್ಕೇ ಏಳುನೂರು ಪದ ಖರ್ಚಾಗಿ, ‘ಅದರಿಂದೇನು’ ಎಂಬುದಕ್ಕೆ “ಇದರಿಂದ ಬಹಳ ಕಲಿತೆ” ಎಂಬ ಒಂದೇ ಸಾಲು ಉಳಿಯುತ್ತದೆ. ಅಳತೆ ತಿರುಗಿಸಿ. ಸಾವಿರ ಪದಗಳಲ್ಲಿ ನಡೆದದ್ದಕ್ಕೆ ಇನ್ನೂರೈವತ್ತು ಸಾಕು. ಆರುನೂರು ಪದಗಳನ್ನು ನಡುವಿನ ಪ್ರಶ್ನೆಗೆ ಮೀಸಲಿಡಿ.

ಹಂತ 6: ಬರೆಯಿರಿ, ಎರಡು ತುಣುಕುಗಳಿಂದ ಶುರುಮಾಡಿ

ಖಾಲಿ ಹಾಳೆಯ ಮುಂದೆ “ನಾನು ಚಿಕ್ಕಂದಿನಿಂದಲೂ ಬರವಣಿಗೆಯಲ್ಲಿ ಆಸಕ್ತಿ ಹೊಂದಿದ್ದೆ” ಎಂದು ಶುರುಮಾಡಬೇಡಿ. ನಿಮ್ಮ ಮೊದಲ ಕರಡಿನ ಒಂದು ವಾಕ್ಯವನ್ನು ಇದ್ದದ್ದು ಇದ್ದ ಹಾಗೆ, ತಪ್ಪಿನ ಸಮೇತ, ಉದ್ಧರಣ ಚಿಹ್ನೆಯೊಳಗೆ ಬರೆಯಿರಿ. ಅದರ ಕೆಳಗೆ ಕೊನೆಯ ಕರಡಿನ ವಾಕ್ಯ. ಒಂದು ಉದಾಹರಣೆ ಕೊಡುತ್ತೇನೆ. ಯಾವ ವಿದ್ಯಾರ್ಥಿಯದೂ ಅಲ್ಲ, ಮಾದರಿಗೆಂದು ನಾನೇ ಬರೆದದ್ದು. ಮಂಡ್ಯ ಕಡೆಯ ಹುಡುಗಿಯೊಬ್ಬಳು ಆಲೆಮನೆಯ, ಅಂದರೆ ಕಬ್ಬು ಅರೆದು ಬೆಲ್ಲ ಮಾಡುವ ಜಾಗದ, ಬಗ್ಗೆ ಬರೆದಿದ್ದಾಳೆ ಎಂದುಕೊಳ್ಳಿ.

ಆಗಸ್ಟಿನ ಕರಡು: “ಆಲೆಮನೆಯು ಮಂಡ್ಯ ಜಿಲ್ಲೆಯ ಗ್ರಾಮೀಣ ಸಂಸ್ಕೃತಿಯ ಪ್ರತೀಕವಾಗಿದೆ. ಅನಾದಿ ಕಾಲದಿಂದಲೂ ಇಲ್ಲಿ ಬೆಲ್ಲವು ತಯಾರಿಸಲ್ಪಡುತ್ತಿದ್ದು, ರೈತರ ಜೀವನದಲ್ಲಿ ಮಹತ್ವದ ಪಾತ್ರವನ್ನು ವಹಿಸುತ್ತದೆ.”

ನವೆಂಬರಿನ ಕರಡು: “ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಉಕ್ಕಿ ಬರುವಾಗ ಅಪ್ಪ ಮಾತು ನಿಲ್ಲಿಸುತ್ತಾರೆ. ಮೇಲೆ ತೇಲುವ ಮಡ್ಡಿಯನ್ನು ಎತ್ತಿ ಹಾಕುತ್ತಾರೆ. ಪಾಕದ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು, ಬೆರಳುಗಳ ನಡುವೆ ಉರುಳಿಸಿ ನೋಡುತ್ತಾರೆ. ಉಂಡೆ ಕಟ್ಟಿತೆಂದರೆ ಇಳಿಸುವ ಹೊತ್ತು.”

ಈ ಎರಡನ್ನು ಇಟ್ಟ ಮೇಲೆ ಬಹಳ ಮಂದಿ ಬರೆಯುವುದು ಹೀಗೆ: “ಮೊದಲಿಗೆ ಹೋಲಿಸಿದರೆ ನನ್ನ ಬರವಣಿಗೆ ತುಂಬಾ ಸುಧಾರಿಸಿದೆ. ವಿವರಗಳ ಮಹತ್ವ ಅರಿತುಕೊಂಡೆ.” ಇದರಲ್ಲಿ ಸುಳ್ಳೇನೂ ಇಲ್ಲ, ಆದರೆ ಓದುಗರಿಗೆ ಏನೂ ಸಿಗಲಿಲ್ಲ. ಇದರ ಬದಲು ಹೀಗೆ ಬರೆದು ನೋಡಿ:

“ಆಗಸ್ಟಿನ ಕರಡಿನಲ್ಲಿ ಅಪ್ಪ ಇರಲೇ ಇಲ್ಲ. ಆಲೆಮನೆ ನಮ್ಮದೇ ಆಗಿದ್ದರೂ, ಅದನ್ನು ಹೆದ್ದಾರಿಯಲ್ಲಿ ಹೋಗುವವರು ಕಂಡಂತೆ ಬರೆದಿದ್ದೆ. ‘ನೀವು ಎಲ್ಲಿ ನಿಂತು ನೋಡುತ್ತಿದ್ದೀರಿ?’ ಎಂದು ಅಧ್ಯಾಪಕರು ಅಂಚಿನಲ್ಲಿ ಬರೆದಾಗ ಅದನ್ನು ಬೈಗುಳ ಎಂದುಕೊಂಡೆ. ದಸರಾ ರಜೆಯಲ್ಲಿ ಒಲೆಯ ಪಕ್ಕದಲ್ಲಿ ನಿಂತಾಗ ಅದು ನಿಜವಾದ ಪ್ರಶ್ನೆ ಎಂದು ತಿಳಿಯಿತು. ‘ಅನಾದಿ ಕಾಲ’ ಎಂಬುದನ್ನು ಹೊಡೆದುಹಾಕಿದ್ದು ಅಜ್ಜನನ್ನು ಕೇಳಿದ ಮೇಲೆ. ನಮ್ಮೂರಿಗೆ ಕಬ್ಬು ಬಂದದ್ದೇ ನಾಲೆಯ ನೀರು ಬಂದ ಬಳಿಕ ಎಂದು ಅವರು ಹೇಳಿದರು. ನಾನು ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ಬರೆದಿದ್ದೆ.”

ನೋಡಿ, ಇಲ್ಲಿ ಎಲ್ಲಿಯೂ ‘ಬೆಳವಣಿಗೆ’ ಎಂಬ ಪದ ಬಂದಿಲ್ಲ. ಆದರೂ ಬೆಳವಣಿಗೆ ಎರಡು ಕಡೆ ಕಾಣುತ್ತದೆ: ನೋಡುವ ಜಾಗ ಬದಲಾದದ್ದರಲ್ಲಿ, ಒಂದು ಸಿದ್ಧ ಮಾತನ್ನು ಪರೀಕ್ಷೆಗೆ ಹಚ್ಚಿದ್ದರಲ್ಲಿ. ಮಂಡ್ಯದ ಸುತ್ತ ಕಬ್ಬು ಈ ಮಟ್ಟಿಗೆ ಹಬ್ಬಿದ್ದು ಕೃಷ್ಣರಾಜಸಾಗರ ಕಟ್ಟಿ, ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿದ ಮೇಲೆ. ಅಲ್ಲಿನ ಮೈಸೂರು ಸಕ್ಕರೆ ಕಂಪನಿ ಶುರುವಾದದ್ದು 1933ರಲ್ಲಿ. ಹಾಗಿರುವಾಗ ‘ಅನಾದಿ ಕಾಲದಿಂದಲೂ’ ಎಂಬುದು ಕೇವಲ ಶೈಲಿಯ ದೋಷವಲ್ಲ, ಸಂಗತಿಯ ತಪ್ಪು. ಸಿದ್ಧ ವಾಕ್ಯಗಳ ದೊಡ್ಡ ತೊಂದರೆ ಇದೇ, ಅವು ನಮ್ಮಿಂದ ಗೊತ್ತಿಲ್ಲದೆ ಸುಳ್ಳು ಹೇಳಿಸುತ್ತವೆ. ಇಂಥ ಒಂದನ್ನು ನಿಮ್ಮ ಹಳೆಯ ಹಾಳೆಯಲ್ಲಿ ಹಿಡಿದರೆ ಮುಚ್ಚಿಡಬೇಡಿ, ಬರಹದ ನಡುವೆಯೇ ಇಡಿ.

ಆಗಸ್ಟಿನ ಎರಡನೆಯ ವಾಕ್ಯದಲ್ಲಿ ಇನ್ನೊಂದು ತಪ್ಪಿದೆ, ಕಂಡಿತೇ? ರೈತರ ಜೀವನದಲ್ಲಿ ಮಹತ್ವದ ಪಾತ್ರ ವಹಿಸುವುದು ಯಾವುದು, ಆಲೆಮನೆಯೋ ಬೆಲ್ಲವೋ? ಕರ್ತೃ, ಅಂದರೆ ಕೆಲಸ ಮಾಡುವ ಪದ, ವಾಕ್ಯದ ನಡುವೆ ಜಾರಿಹೋಗಿದೆ. ಉದ್ದ ವಾಕ್ಯಗಳಲ್ಲಿ ಹೀಗಾಗುವುದು ಹೆಚ್ಚು. ನವೆಂಬರಿನ ನಾಲ್ಕು ವಾಕ್ಯಗಳಲ್ಲಿ ಯಾರು ಏನು ಮಾಡುತ್ತಾರೆ ಎಂಬುದರಲ್ಲಿ ಗೊಂದಲವೇ ಇಲ್ಲ. ಇದನ್ನೂ ಸ್ವಾವಲೋಕನದಲ್ಲಿ ಹೇಳಬಹುದು. ವ್ಯಾಕರಣದ ಮಾತು ಎಂದು ಹಿಂಜರಿಯಬೇಡಿ. ಬರಹಗಾರರ ಕೈ ಬದಲಾಗುವುದು ಮೊದಲು ವಾಕ್ಯದಲ್ಲೇ.

ಹಂತ 7: ಕಳೆದುಕೊಂಡದ್ದನ್ನೂ ದಕ್ಕದೆ ಉಳಿದದ್ದನ್ನೂ ಬರೆಯಿರಿ

ಮೊದಲು ಕತ್ತಲೆ, ಆಮೇಲೆ ಬೆಳಕು ಎಂಬ ಕಥೆ ಎಲ್ಲರೂ ಬರೆಯುತ್ತಾರೆ. ಬರವಣಿಗೆ ಹಾಗೆ ನೇರವಾಗಿ ಏರುವುದಿಲ್ಲ. ಮೇಲಿನ ಉದಾಹರಣೆಯನ್ನೇ ಮುಂದುವರಿಸುವುದಾದರೆ, ಆ ಹುಡುಗಿಯ ಆಗಸ್ಟಿನ ಕರಡಿನ ಕೊನೆಯಲ್ಲಿ ಬೆಲ್ಲದ ಬೆಲೆ ಬಿದ್ದಾಗ ಅಪ್ಪ ಪಟ್ಟ ಪಾಡಿನ ಬಗ್ಗೆ ಒರಟಾದ, ಸಿಟ್ಟಿನ ಒಂದು ಪ್ಯಾರಾ ಇತ್ತು ಎಂದಿಟ್ಟುಕೊಳ್ಳಿ. ನವೆಂಬರಿನ ಸುಂದರ ಕರಡಿನಲ್ಲಿ ಅದು ಕಾಣೆಯಾಗಿದೆ. ಬರಹ ನಯವಾಯಿತು, ಸಿಟ್ಟು ಹೋಯಿತು. ಇದು ಲಾಭವೋ ನಷ್ಟವೋ? ಈ ಪ್ರಶ್ನೆಯನ್ನು ಬಿಡಿಸಲಾಗದೆ ಬಿಟ್ಟರೂ ಪರವಾಗಿಲ್ಲ. ಎತ್ತಿದ್ದೇ ದೊಡ್ಡದು.

ಇಲ್ಲಿ ನಮ್ಮ ಸೀಮೆಯ ವಿದ್ಯಾರ್ಥಿಗಳಿಗೆ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ. ಮನೆಯಲ್ಲಿ ಮಂಡ್ಯದ ಮಾತು ಆಡಿ ಬೆಳೆದವರು ಸ್ವಾವಲೋಕನದಲ್ಲಿ ಬಹುಪಾಲು ಹೀಗೆ ಬರೆಯುತ್ತಾರೆ: “ನನ್ನ ಭಾಷೆ ಅಶುದ್ಧವಾಗಿತ್ತು, ಈ ಕೋರ್ಸಿನಿಂದ ಶುದ್ಧವಾಯಿತು.” ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಗ್ರಂಥಸ್ಥ ಕನ್ನಡವನ್ನು, ಅಂದರೆ ಪುಸ್ತಕ ಪತ್ರಿಕೆಗಳಲ್ಲಿ ಅಚ್ಚಾಗುವ ರೂಪವನ್ನು, ಕಲಿಯುವುದು ಬೇಕಾದ ಕೆಲಸ. ಪರೀಕ್ಷೆಗೂ ಕೆಲಸಕ್ಕೂ ಅದು ಬೇಕು. ಆದರೆ ಮನೆಮಾತನ್ನು ಕಳಚಿ ಎಸೆದದ್ದನ್ನು ಬೆಳವಣಿಗೆ ಎಂದು ಕರೆಯಬೇಡಿ. ಎರಡು ಬಗೆಯ ಕನ್ನಡ ಕೈಯಲ್ಲಿರುವುದು, ಯಾವುದನ್ನು ಎಲ್ಲಿ ಬಳಸಬೇಕು ಎಂಬ ವಿವೇಕ ಬಂದಿರುವುದು ಬೆಳವಣಿಗೆ. ನಿಮ್ಮ ಕಥೆಯಲ್ಲಿ ಅಜ್ಜಿ ಆಡುವ ಮಾತನ್ನು ಮೊದಲು ಪುಸ್ತಕದ ಭಾಷೆಯಲ್ಲಿ ಬರೆದು, ಆಮೇಲೆ ಅವರ ಬಾಯಿಂದ ಬಂದ ಹಾಗೆಯೇ ಬರೆದಿರಾ? ಹಾಗಾದರೆ ಆ ಬದಲಾವಣೆಯ ಬಗ್ಗೆ ಒಂದು ಪುಟ ಬರೆಯಬಹುದು.

ಹಕಾರದ ವಿಷಯವೂ ಇದಕ್ಕೆ ಸೇರಿದ್ದು. ಮಾತಿನಲ್ಲಿ ಹಕಾರ ಬಿಟ್ಟುಹೋಗುವವರು, “ತಪ್ಪು, ತಪ್ಪು” ಎಂದು ಬೈಸಿಕೊಂಡು ಬೈಸಿಕೊಂಡು, ಕೊನೆಗೆ ಬೇಡದ ಕಡೆಯಲ್ಲೂ ಹಕಾರ ಸೇರಿಸುವುದುಂಟು: ಆಲೆಮನೆಯನ್ನು ‘ಹಾಲೆಮನೆ’ ಎಂದು ಬರೆಯುವುದು ಹೀಗೆ. ಆಲೆ ಎಂದರೆ ಕಬ್ಬು ಅರೆಯುವ ಗಾಣ. ಅಲ್ಲಿ ಮನೆಯವರು ಆಡುವ ರೂಪವೇ ಸರಿ. ಹೆದರಿಕೆಯಿಂದ ಆದ ತಪ್ಪಿದು. ನಿಮ್ಮ ಹಾಳೆಗಳಲ್ಲಿ ಇಂಥದ್ದು ಸಿಕ್ಕರೆ ಅದರ ಹಿಂದೆ ಹೇಳಬೇಕಾದ ಕಥೆಯಿದೆ ಎಂದು ತಿಳಿಯಿರಿ.

ದಕ್ಕದೆ ಉಳಿದದ್ದನ್ನು ಒಂದು ಪ್ಯಾರಾದಲ್ಲಿ ಹೆಸರಿಟ್ಟು ಬರೆಯಿರಿ. “ಇನ್ನೂ ಕಲಿಯಬೇಕಾದದ್ದು ಬಹಳಷ್ಟಿದೆ” ಎಂಬ ವಿನಯದ ಮಾತು ಬೇಡ. “ಸಂಭಾಷಣೆ ಬರೆಯುವಾಗ ನನ್ನ ಪಾತ್ರಗಳೆಲ್ಲ ಒಂದೇ ದನಿಯಲ್ಲಿ ಮಾತಾಡುತ್ತವೆ; ಮೂರೂ ಕರಡುಗಳಲ್ಲಿ ಇದು ಹಾಗೇ ಉಳಿದಿದೆ” ಎಂದರೆ ಅದು ಸ್ವಾವಲೋಕನ. ‘ಮುಂದೇನು’ ಎಂಬ ಪ್ರಶ್ನೆಗೆ ಉತ್ತರವೂ ಇಲ್ಲಿಂದಲೇ ಹುಟ್ಟಬೇಕು: ಮುಂದಿನ ರಜೆಯಲ್ಲಿ ದೇವರಾಜ ಮಾರುಕಟ್ಟೆಯಲ್ಲಿ ಹೂವು ಮಾರುವವರೂ ಕೊಳ್ಳುವವರೂ ಆಡುವ ಮಾತನ್ನು ಕಿವಿಗೊಟ್ಟು ಕೇಳಿ, ಮನೆಗೆ ಬಂದು ಅರ್ಧ ಪುಟ ಬರೆಯುತ್ತೇನೆ ಎಂಬಷ್ಟು ಖಚಿತವಾಗಿರಲಿ.

ಹಂತ 8: ತಿದ್ದಿ, ಗಟ್ಟಿಯಾಗಿ ಓದಿ

ಬರೆದ ಮೇಲೆ ಕನಿಷ್ಠ ಒಂದು ರಾತ್ರಿ ಬಿಡಿ. ಆಮೇಲೆ ದನಿ ತೆಗೆದು ಓದಿ. ಹಾಸ್ಟೆಲಿನಲ್ಲಿ ಸಂಕೋಚವಾದರೆ ಕುಕ್ಕರಹಳ್ಳಿ ಕೆರೆಯ ದಂಡೆಯಿದೆ. ಮೈಸೂರು ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯ ಎಷ್ಟೋ ವಿದ್ಯಾರ್ಥಿಗಳು ಪರೀಕ್ಷೆಗೆ ಓದಿಕೊಂಡ ಜಾಗ. ನಾಲಗೆ ತೊಡರಿದ ಕಡೆ ಪೆನ್ಸಿಲಿನ ಗುರುತು ಹಾಕಿ. ಉಸಿರು ಸಾಲದ ವಾಕ್ಯವನ್ನು ಎರಡಾಗಿ ಮುರಿಯಿರಿ. ಮುಜುಗರವಾಗಿ ದನಿ ಇಳಿದ ಕಡೆ ಬಹುಶಃ ನೀವು ನಂಬದ ಮಾತೊಂದು ಇರುತ್ತದೆ, ಅದನ್ನು ತೆಗೆಯಿರಿ.

ತಿದ್ದುವಾಗ ಮೂರು ಪದಗಳ ಮೇಲೆ ಕಣ್ಣಿಡಿ: ‘ತುಂಬಾ’, ‘ನಿಜವಾಗಿಯೂ’, ‘ಸುಧಾರಿಸಿತು’. ಪ್ರತಿ ‘ಸುಧಾರಿಸಿತು’ ಬಂದಾಗಲೂ “ಎಲ್ಲಿ?” ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಉತ್ತರವಾಗಿ ಕರಡಿನ ಸಾಲೊಂದು ಸಿಗದಿದ್ದರೆ ಆ ವಾಕ್ಯ ಉಳಿಯಬೇಕಾಗಿಲ್ಲ. ಅಧ್ಯಾಪಕರನ್ನು ಹೊಗಳುವ ಪ್ಯಾರಾ ಬರೆದಿದ್ದರೆ ಅದನ್ನೂ ತೆಗೆಯಿರಿ. ಅವರು ಹೇಳಿದ ಒಂದು ಮಾತು ನಿಮ್ಮ ಬರಹದಲ್ಲಿ ಕೆಲಸ ಮಾಡಿದ್ದನ್ನು ತೋರಿಸಿದರೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಅವರ ಸಲಹೆಯನ್ನು ಒಪ್ಪದೆ ನಿಮ್ಮ ದಾರಿಯನ್ನೇ ಹಿಡಿದಿದ್ದರೆ ಅದನ್ನೂ ಕಾರಣದ ಸಮೇತ ಬರೆಯಬಹುದು. ಒಳ್ಳೆಯ ಅಧ್ಯಾಪಕರು ಅದಕ್ಕೆ ಅಂಕ ಕತ್ತರಿಸುವುದಿಲ್ಲ.

ಕೃತಕ ಬುದ್ಧಿಮತ್ತೆಯ ಸಾಧನಗಳಿಂದ ಬರೆಸಬಹುದೇ ಎಂದು ಈಚೆಗೆ ಬಹಳ ಮಂದಿ ಕೇಳುತ್ತಾರೆ. ನಿಮ್ಮ ಕಾಲೇಜಿನ ನಿಯಮ ಏನೆಂದು ಮೊದಲು ಕೇಳಿ ತಿಳಿಯಿರಿ. ನಿಯಮ ಏನೇ ಇರಲಿ, ಆಗಸ್ಟಿನಲ್ಲಿ ನೀವು ಯಾಕೆ ಹಾಗೆ ಬರೆದಿರಿ ಎಂಬುದು ಆ ಸಾಧನಕ್ಕೆ ಗೊತ್ತಿಲ್ಲ. ಕೇಳಿದರೆ ಎಲ್ಲರ ಬೆಳವಣಿಗೆಯನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದು ಕೊಡುತ್ತದೆ. ಮೂವತ್ತು ಪ್ರತಿಗಳನ್ನು ಒಟ್ಟಿಗೆ ಓದುವವರಿಗೆ ಆ ಅಚ್ಚು ಮೂರನೆಯ ಪ್ರತಿಯಲ್ಲೇ ಗೊತ್ತಾಗುತ್ತದೆ.

ಹಂತ 9: ಟೈಪು ಮತ್ತು ಸಲ್ಲಿಕೆ

ಇಲ್ಲಿ ಆಗುವ ತೊಂದರೆ ಹೆಚ್ಚಾಗಿ ಅಕ್ಷರವಿನ್ಯಾಸದ್ದು. ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತವನ್ನು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿ ಕಾಣುತ್ತವೆ. ಆದ್ದರಿಂದ ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಯಾವ ಮೊಬೈಲಿನಲ್ಲಾದರೂ ಕಂಪ್ಯೂಟರಿನಲ್ಲಾದರೂ ಒಂದೇ ರೀತಿ ಕಾಣುವ ಅಕ್ಷರ ಸಂಕೇತ ಅದು. ಮೊಬೈಲಿನ ಕನ್ನಡ ಕೀಲಿಮಣೆಗಳು ಯೂನಿಕೋಡ್‌ನಲ್ಲೇ ಇರುತ್ತವೆ. ಈಗಾಗಲೇ ಹಳೆಯ ಫಾಂಟಿನಲ್ಲಿ ಟೈಪ್ ಆಗಿದ್ದರೆ ಪರಿವರ್ತಕ ಬಳಸಿ ಬದಲಿಸಿ. ಬದಲಿಸಿದ ಮೇಲೆ ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಒಂದೊಂದಾಗಿ ನೋಡಿ, ಕೆಡುವುದು ಅಲ್ಲೇ. ಕೊನೆಯಲ್ಲಿ ಪಿಡಿಎಫ್ ಮಾಡಿ, ಇನ್ನೊಬ್ಬರ ಮೊಬೈಲಿನಲ್ಲಿ ತೆರೆದು ನೋಡಿದ ಮೇಲೆಯೇ ಕಳಿಸಿ.

ಮುದ್ರಿತ ಪ್ರತಿ ಕೇಳಿದ್ದರೆ ಕೊನೆಯ ದಿನದ ಬೆಳಿಗ್ಗೆಯವರೆಗೆ ಕಾಯಬೇಡಿ. ಅಂದು ಕಾಲೇಜಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಇಡೀ ತರಗತಿ ಸಾಲು ನಿಂತಿರುತ್ತದೆ. ಮಂಡ್ಯದಿಂದ ಮೈಸೂರಿಗೆ ದಿನವೂ 45 ಕಿಲೋಮೀಟರ್ ರೈಲಿನಲ್ಲೋ ಬಸ್ಸಿನಲ್ಲೋ ಬರುವವರು ಹಿಂದಿನ ಸಂಜೆಯೇ ಊರಿನಲ್ಲಿ ಮುದ್ರಿಸಿಕೊಳ್ಳುವುದು ಒಳ್ಳೆಯದು. ಸ್ಪೈರಲ್ ಬೈಂಡಿಂಗ್ ಮಾಡಿಸುವ ಮುನ್ನ ಕರಡುಗಳ ಝೆರಾಕ್ಸ್ ಪ್ರತಿಗಳನ್ನು ಅನುಬಂಧವಾಗಿ ಸೇರಿಸಿ. ಅನುಬಂಧ ಎಂದರೆ ಮುಖ್ಯ ಬರಹದ ಹಿಂದೆ ಇಡುವ ಪೂರಕ ಹಾಳೆಗಳು. ಬರಹದೊಳಗೆ “ಅನುಬಂಧ 2, ಮೂರನೆಯ ಸಾಲು ನೋಡಿ” ಎಂದು ತೋರಿಸಿದರೆ ಓದುವವರು ತಿರುವಿ ನೋಡಬಹುದು. ಮೂಲ ಕರಡನ್ನು ಕೊಟ್ಟುಬಿಡಬೇಡಿ, ಅದು ನಿಮ್ಮ ಬಳಿ ಇರಲಿ.

ಇನ್ನು ಪದೇ ಪದೇ ಬರುವ ಎರಡು ಬಿಡಿ ಪ್ರಶ್ನೆಗಳು. “ನನ್ನ ಬರವಣಿಗೆ ಏನೂ ಬದಲಾಗಿಲ್ಲ ಅನಿಸುತ್ತಿದೆ, ಏನು ಮಾಡಲಿ?” ಹಾಗಿದ್ದರೆ ಅದನ್ನೇ ಬರೆಯಿರಿ, ಆದರೆ ಹಾಳೆಗಳನ್ನು ಮುಂದಿಟ್ಟುಕೊಂಡು. ಯಾವ ಸಲಹೆ ಬಂದಿತ್ತು, ಅದನ್ನು ಯಾಕೆ ಬಳಸಲಾಗಲಿಲ್ಲ, ಹೊತ್ತು ಸಿಗಲಿಲ್ಲವೋ, ಅರ್ಥವಾಗಲಿಲ್ಲವೋ, ಮನಸ್ಸು ಒಪ್ಪಲಿಲ್ಲವೋ? ಸಂಜೆ ಅಂಗಡಿಯಲ್ಲಿ ದುಡಿದು, ರಾತ್ರಿ ಹತ್ತರ ಮೇಲೆ ಬರೆಯಲು ಕೂರುವವರ ಬರಹಕ್ಕೆ ಅದರದೇ ಇತಿಹಾಸ ಇರುತ್ತದೆ, ಅದೂ ಬರಹದೊಳಗೆ ಬರಲಿ.

“ಅಂಕ ಕಡಿಮೆ ಬಂದ ಅಸೈನ್‌ಮೆಂಟನ್ನು ಉದಾಹರಣೆಗೆ ಕೊಟ್ಟರೆ ಕೆಟ್ಟ ಅಭಿಪ್ರಾಯ ಬರುವುದಿಲ್ಲವೇ?” ಬರುವುದಿಲ್ಲ. ಹತ್ತಕ್ಕೆ ಮೂರು ಬಂದ ಹಾಳೆಯಲ್ಲೇ ಕೆಂಪು ಶಾಯಿ ಹೆಚ್ಚಿರುತ್ತದೆ. ಬರೆಯಲು ನಿಮಗೆ ಸಾಮಗ್ರಿ ಹೆಚ್ಚು ಸಿಗುವುದೂ ಅದರಲ್ಲೇ. ಅದನ್ನೇ ಮೊದಲು ಹುಡುಕಿ ತೆಗೆಯಿರಿ.